ಮನೆಯವರೇ ಸೇರಿ ಹುಲ್ಲುಗಾವಲಿಗೆ ಬೇಲಿ ಹಾಕುತ್ತಿದ್ದೇವೆ: ಕಂಬ, ತಂತಿ, ಮೂಲೆ ಬಗ್ಗೆ ತಿಳಿದವರು ಹೇಳಿ

ಹೊಸಗಾವಲು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಹಿಡುವಳಿ. ಅದರಲ್ಲಿ ಒಂದು ಎಕರೆಯಷ್ಟು ಜಾಗವನ್ನು ಮೇವಿಗೆ ಅಂತಲೇ ಬಿಟ್ಟಿದ್ದೇವೆ. ಹುಲ್ಲು ಚೆನ್ನಾಗಿ ಬಂದಿದೆ, ಬೇಲಿ ಮಾತ್ರ ಇಲ್ಲ. ಎರಡು ಹಸು, ಒಂದು ಕರು, ನಾಲ್ಕೈದು ಮೇಕೆ ಇವೆ. ಸದ್ಯಕ್ಕೆ ಗೂಟಕ್ಕೆ ಕಟ್ಟಿ ಮೇಯಿಸುತ್ತಿದ್ದೇವೆ. ಯಾರಾದರೊಬ್ಬರು ಕಾಯುತ್ತಲೇ ಇರಬೇಕು.

ಬೇಲಿ ಕೆಲಸವನ್ನು ಹೊರಗಿನವರಿಗೆ ಒಪ್ಪಿಸದೆ ನಾವೇ ಮಾಡೋಣ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ದುಡ್ಡು ಉಳಿಯುತ್ತದೆ, ಅದು ಸರಿ. ಆದರೆ ಮುಖ್ಯ ಕಾರಣ ಬೇರೆ. ಬೇಲಿ ಅಂದ ಮೇಲೆ ರಿಪೇರಿ ಇದ್ದೇ ಇರುತ್ತದೆ. ಕೊಂಬೆ ಮುರಿದು ಬೀಳುತ್ತದೆ, ತಂತಿ ಸಡಿಲವಾಗುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದರೂ ಅವರಿಗೆ ಸರಿಮಾಡಲು ಗೊತ್ತಿರಬೇಕು. ಕಟ್ಟುವಾಗ ಕೈ ಹಾಕಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ ಅಲ್ವಾ?

ಕೆಲಸಕ್ಕೆ ನಿಲ್ಲುವವರು ನಾನು, ನನ್ನ ಹೆಂಡತಿ, ಅಪ್ಪ, ಮತ್ತೆ ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು. ಅಪ್ಪನಿಗೆ ಭಾರ ಎತ್ತಲು ಆಗುವುದಿಲ್ಲ. ಆದರೆ ಜಮೀನಿನ ಮೂಲೆ ಮೂಲೆಯೂ ಅವರಿಗೆ ಗೊತ್ತು. ಮುಳ್ಳುತಂತಿ ಹಾಕಬೇಕೋ ಜಾಲರಿ ಹಾಕಬೇಕೋ? ಕಂಬ ಎಷ್ಟು ಆಳ ಹೋಗಬೇಕು? ಮಕ್ಕಳಿಗೆ ಯಾವ ಕೆಲಸ ಕೊಡಬಹುದು, ಯಾವುದು ಕೊಡಬಾರದು?

ಮೂಲೆಗಟ್ಟಿ:
ತಂತಿ ಯಾವುದು ಅನ್ನುವುದು ಆಮೇಲೆ. ಮೊದಲು ಗಾವಲಿನ ಆಕಾರ ನೋಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಚೌಕವಾಗಿದ್ದರೆ ಒಂದು ಬದಿ ಸುಮಾರು 209 ಅಡಿ, ಸುತ್ತಳತೆ 835 ಅಡಿ. ಅದೇ ಒಂದು ಎಕರೆ 100 ಅಡಿ ಅಗಲದ ಉದ್ದನೆ ಪಟ್ಟಿಯಾದರೆ ಸುತ್ತಳತೆ 1,070 ಅಡಿ ದಾಟುತ್ತದೆ. ಹುಲ್ಲು ಅಷ್ಟೇ, ಬೇಲಿ ಮಾತ್ರ ಕಾಲುಭಾಗಕ್ಕಿಂತ ಜಾಸ್ತಿ. ಆಕಾರ ಬದಲಿಸುವ ಅವಕಾಶ ಇದ್ದರೆ ಚೌಕದ ಹತ್ತಿರಕ್ಕೆ ತನ್ನಿ. ಅಂಕುಡೊಂಕು ಕಡಿಮೆ ಮಾಡಿ. ಪ್ರತಿ ತಿರುವಿಗೂ ಒಂದು ಗಟ್ಟಿ ಕಂಬ ಬೇಕಾಗುತ್ತದೆ.

ಈಗ ಮೂಲೆಯ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬೇಲಿ ಹಾಳಾಗುವುದು ಬಹುಪಾಲು ಇಲ್ಲಿಂದಲೇ.

ಬಿಗಿಯಾಗಿ ಎಳೆದ ತಂತಿ ಹಗಲು ರಾತ್ರಿ ಮೂಲೆ ಕಂಬವನ್ನು ಜಗ್ಗುತ್ತಲೇ ಇರುತ್ತದೆ. ಹೈ ಟೆನ್ಸೈಲ್ ನಯ ತಂತಿಯ (ಹೆಚ್ಚು ಬಿಗಿ ತಡೆಯುವ, ಮುಳ್ಳಿಲ್ಲದ ತಂತಿ) ಒಂದೊಂದು ಎಳೆಗೂ 100 ಕಿಲೋಗಿಂತ ಹೆಚ್ಚು ಬಿಗಿ ಕೊಡುತ್ತಾರೆ. ಐದು ಎಳೆ ಅಂದರೆ ಅರ್ಧ ಟನ್ ದಾಟಿತು. ಚಳಿಗೆ ತಂತಿ ಕುಗ್ಗಿದರೆ ಅದು ಇನ್ನೂ ಹೆಚ್ಚುತ್ತದೆ. ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿಯುತ್ತವೆ ಅಷ್ಟೇ. ಇಷ್ಟು ಜಗ್ಗಾಟವನ್ನು ತಡೆಯುವುದು ಮೂಲೆಗಳು ಮಾತ್ರ. ಒಂದೇ ಕಂಬ ಎಷ್ಟೇ ದಪ್ಪ ಇದ್ದರೂ ನಿಧಾನವಾಗಿ ಒಳಗೆ ವಾಲುತ್ತದೆ.

ಮರದ ಕಂಬವಾದರೆ ಎಚ್ ಆಕಾರದ ಆಸರೆ ಕಟ್ಟಿ. ಮೂಲೆ ಕಂಬ, ಅದರಿಂದ ಎಂಟು ಅಡಿ ದೂರದಲ್ಲಿ ಎರಡನೇ ಕಂಬ, ಎರಡರ ಮೇಲ್ಭಾಗಕ್ಕೆ ಅಡ್ಡ ತೊಲೆ. ತೊಲೆಯ ಉದ್ದ ಬೇಲಿಯ ಎತ್ತರದ ಎರಡರಷ್ಟಾದರೂ ಇರಬೇಕು. ತೊಲೆ ಗಿಡ್ಡವಾದರೆ ಕಂಬವನ್ನು ಮೇಲಕ್ಕೆತ್ತುವ ಬಲ ಜಾಸ್ತಿಯಾಗುತ್ತದೆ. ಇನ್ನು ಓರೆ ತಂತಿ. ಇಲ್ಲಿ ತುಂಬಾ ಜನ ತಿರುವುಮುರುವು ಮಾಡುತ್ತಾರೆ. ಮೂಲೆ ಕಂಬದ ಬುಡದಿಂದ ಎರಡನೇ ಕಂಬದ ತಲೆಗೆ ಹೋಗಬೇಕು. ಬೇಲಿ ಜಗ್ಗಿದಾಗ ಮೂಲೆ ಕಂಬದ ತಲೆ ತೊಲೆಯನ್ನು ತಳ್ಳುತ್ತದೆ. ತೊಲೆ ಎರಡನೇ ಕಂಬದ ತಲೆಯನ್ನು ತಳ್ಳುತ್ತದೆ. ಆ ತಲೆಯನ್ನು ಹಿಂದಕ್ಕೆ ಹಿಡಿಯುವುದು ಈ ಓರೆ ತಂತಿ. ಉಲ್ಟಾ ಕಟ್ಟಿದರೆ ತಂತಿ ಸುಮ್ನೆ ನೇತಾಡುತ್ತದೆ, ಏನೂ ಕೆಲಸ ಮಾಡುವುದಿಲ್ಲ. ತಂತಿಯನ್ನು ಎರಡು ಸುತ್ತು ಹಾಕಿ, ನಡುವೆ ಗಟ್ಟಿ ಕೋಲು ತೂರಿಸಿ ಹೊಸೆಯಿರಿ. ಬಿಗಿಯಾದ ಮೇಲೆ ಕೋಲನ್ನು ತೊಲೆಗೆ ತಾಗಿಸಿ ಕಟ್ಟಿಬಿಡಿ. ಮೂಲೆಯಲ್ಲಿ ಬೇಲಿ ಎರಡು ದಿಕ್ಕಿಗೆ ಹೋಗುತ್ತದಲ್ಲ, ಎರಡೂ ದಿಕ್ಕಿಗೆ ಇಂಥದ್ದೊಂದು ಬೇಕು.

ಕಲ್ಲು ಕಂಬ ಅಥವಾ ಸಿಮೆಂಟ್ ಕಂಬವಾದರೆ ಓರೆಯಾಗಿ ಊರುಗಲ್ಲು ಕೊಡುತ್ತಾರೆ. ಅದರ ಬುಡ ದೂರ ಇರಲಿ, ಕೆಳಗೆ ಚಪ್ಪಡಿ ಇಡಿ. ತೀರಾ ಕಡಿದಾಗಿ ಕೊಟ್ಟರೆ ಅದೇ ಕಂಬವನ್ನು ಮೇಲಕ್ಕೆತ್ತುತ್ತದೆ.

ಆಳ: ನಾಲ್ಕು ಅಡಿ ಎತ್ತರದ ಬೇಲಿಗೆ ಮೂಲೆ ಕಂಬ ಮೂರೂವರೆಯಿಂದ ನಾಲ್ಕು ಅಡಿ, ನಡುವಿನವು ಎರಡರಿಂದ ಎರಡೂವರೆ ಅಡಿ. ಎಲ್ಲರೂ ತಂತಿ ಎಳೆಯಲು ಅವಸರ ಮಾಡುತ್ತಾರೆ. ಮೂಲೆಗಳು ಮುಗಿಯುವವರೆಗೆ ತಂತಿ ಸುರುಳಿಯನ್ನು ಬಿಚ್ಚಲೇಬೇಡಿ.

ಮೇಕೆಹಟ್ಟಿ:
ಮೇಕೆ ಇದೆ ಅಂದಿರಿ. ಹಾಗಾದರೆ ಮುಳ್ಳುತಂತಿ ಮರೆತುಬಿಡಿ.

ಮುಳ್ಳುತಂತಿಗೆ ಜೋಸೆಫ್ ಗ್ಲಿಡನ್ ಅನ್ನುವ ಅಮೆರಿಕದ ರೈತ ಪೇಟೆಂಟ್ ಪಡೆದದ್ದು 1874ರಲ್ಲಿ. ವಿಶಾಲ ಬಯಲಿನ ದೊಡ್ಡ ದನಗಳನ್ನು ತಡೆಯಲು ಅದು ಬಳಕೆಗೆ ಬಂತು. ದನ ಎದೆಯಿಂದ ನೂಕುತ್ತದೆ, ಮುಳ್ಳು ಚುಚ್ಚಿದರೆ ಹಿಂದೆ ಸರಿಯುತ್ತದೆ. ಮೇಕೆ ಹಾಗಲ್ಲ. ಮೊದಲು ಎಳೆಗಳ ನಡುವೆ ಮೂತಿ ತೂರಿಸುತ್ತದೆ, ಆಮೇಲೆ ಭುಜ. ಭುಜ ದಾಟಿತೆಂದರೆ ಮೇಕೆ ಆಚೆಗೆ. ಹಾಲು ಕೊಡುವ ಮೇಕೆಯ ಕೆಚ್ಚಲು ಮುಳ್ಳಿಗೆ ಸಿಕ್ಕಿ ಹರಿದದ್ದನ್ನು ನೋಡಿದವರು ಮತ್ತೆ ಆ ತಂತಿ ತರುವುದಿಲ್ಲ.

ನಾಲ್ಕು ಅಡಿ ಎತ್ತರದ ಜಾಲರಿ ಹಾಕಿ. ಜಾಲರಿಯ ಕಣ್ಣಿನ, ಅಂದರೆ ತೂತಿನ ಅಳತೆ ನೋಡಿ ತೆಗೆದುಕೊಳ್ಳಿ. ಆರು ಇಂಚಿನ ಕಣ್ಣು ಕೊಂಬಿನ ಮೇಕೆಗೆ ಅಪಾಯ. ತಲೆ ಒಳಗೆ ಹೋಗುತ್ತದೆ, ಕೊಂಬು ಅಡ್ಡ ಬಂದು ಹೊರಗೆ ಬರುವುದಿಲ್ಲ. ಹಾಗೆ ಸಿಕ್ಕಿಬಿದ್ದದ್ದು ಬಿಸಿಲಿಗೆ, ಇಲ್ಲವೇ ನಾಯಿಗೆ ಬಲಿಯಾಗುತ್ತದೆ. ನಾಲ್ಕು ಇಂಚು ಅಥವಾ ಅದಕ್ಕಿಂತ ಸಣ್ಣ ಕಣ್ಣು ಒಳ್ಳೆಯದು.

ಜಾಲರಿಯನ್ನು ಕಂಬದ ಒಳಬದಿಗೆ, ಅಂದರೆ ಪ್ರಾಣಿ ಇರುವ ಕಡೆಗೆ ಹೊಡೆಯಿರಿ. ಆಗ ಅವು ಒತ್ತಿದರೆ ಜಾಲರಿ ಕಂಬಕ್ಕೆ ಒತ್ತುತ್ತದೆ. ಹೊರಬದಿಗೆ ಹೊಡೆದರೆ ಅವು ಒತ್ತಿದಷ್ಟೂ ಮೊಳೆ ಕಿತ್ತು ಬರುತ್ತದೆ. ಇನ್ನೊಂದು ಮಾತು. ಮೇಲಿನವರು ಹೇಳಿದ ಊರುಗಲ್ಲನ್ನು ಗಾವಲಿನ ಒಳಗೆ ಬರುವ ಹಾಗೆ ಇಟ್ಟರೆ ಮೇಕೆ ಅದರ ಮೇಲೆ ಹತ್ತಿ ಆಚೆ ಹಾರುತ್ತದೆ. ಮೇಕೆ ಇರುವ ಕಡೆ ಅಡ್ಡ ತೊಲೆಯ ಆಸರೆಯೇ ವಾಸಿ.

ಹಸಿರುಗೂಟ:
ಎಲ್ಲರೂ ಸತ್ತ ಕಂಬದ ಬಗ್ಗೆಯೇ ಹೇಳುತ್ತಿದ್ದೀರಿ. ಜೀವಂತ ಕಂಬವನ್ನೂ ಯೋಚಿಸಿ. ಗ್ಲಿರಿಸಿಡಿಯಾ ಮರದ ಬಲಿತ ಗೂಟ ನೆಟ್ಟರೆ ಬೇರು ಬಿಡುತ್ತದೆ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಸವರಿದ ಸೊಪ್ಪು ಹಸು, ಮೇಕೆಗೆ ಮೇವಾಗುತ್ತದೆ. ಕುದುರೆಗೆ ಮಾತ್ರ ಅದು ವಿಷ, ಕೊಡಬಾರದು. ಬುಡ ಕೊಳೆಯುವ ಚಿಂತೆಯೇ ಇಲ್ಲ.

ಮೂಲೆಗಟ್ಟಿ:
ಹಸಿರುಗೂಟ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ನಡುವಿನ ಸಾಲಿಗೆ ಜೀವಂತ ಗೂಟ ಬಹಳ ಒಳ್ಳೆಯದು. ಮೂಲೆಗೆ ಮತ್ತು ಗೇಟಿಗೆ ಬೇಡ. ಬೇರು ಹಿಡಿಯುವ ಮೊದಲೇ ತಂತಿ ಎಳೆದರೆ ಗೂಟ ಅಲುಗಾಡಿ ಒಣಗುತ್ತದೆ. ಗೂಟ ದಪ್ಪವಾಗುತ್ತಾ ತಂತಿಯನ್ನು ನುಂಗುತ್ತದೆ, ಆಮೇಲೆ ಬಿಚ್ಚಲಾಗದು.

ಹಸಿರುಗೂಟ:
ಸರಿಯಾದ ಮಾತು. ಅದಕ್ಕೇ ಗೂಟಕ್ಕೆ ಮೊದಲು ಒಂದು ಮರದ ಪಟ್ಟಿ ಹೊಡೆದು, ತಂತಿಯನ್ನು ಆ ಪಟ್ಟಿಗೆ ಹೊಡೆಯಬೇಕು. ಮೊದಲ ವರ್ಷ ಸತ್ತ ಕಂಬಗಳ ನಡುನಡುವೆ ನೆಟ್ಟು, ಬೇರು ಹಿಡಿದ ಮೇಲೆ ಭಾರ ಹೊರಿಸಬಹುದು. ಮತ್ತೆ ಎಳೆ ಚಿಗುರು ಮೇಕೆಯ ಬಾಯಿಗೆ ಸಿಗದಂತೆ ಗೂಟ ಆರಡಿಯಾದರೂ ಎತ್ತರ ಇರಲಿ.

ಹೊಸಗಾವಲು:
ಇಷ್ಟು ಬೇಗ ಇಷ್ಟೊಂದು ವಿಷಯ! ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಓರೆ ತಂತಿಯ ದಿಕ್ಕನ್ನು ಮಗಳು ಕಡ್ಡಿ ಮತ್ತು ದಾರ ಇಟ್ಟು ಮಾಡಿ ನೋಡಿದಳು. ಉಲ್ಟಾ ಕಟ್ಟಿದರೆ ದಾರ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ಅಪ್ಪ ಎರಡು ವಿಷಯ ಹೇಳಿದರು. ಒಂದು, ಕೆಳಗಿನ ಮೂಲೆಯಲ್ಲಿ ಜೋರು ಮಳೆಗೆ ನೀರು ಹರಿದು ಹೋಗುವ ಸಣ್ಣ ತಗ್ಗು ಇದೆ. ಬೇಸಿಗೆಯಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಒಂದು ಬದಿ ಪೂರ್ತಿ ಎರೆಮಣ್ಣು, ಬಿರುಕು ಬಿಡುತ್ತದೆ. ಅಲ್ಲಿ ಕಂಬ ನಿಲ್ಲುವುದಿಲ್ಲ ಅಂತಾರೆ. ಕಾಂಕ್ರೀಟ್ ಹಾಕಬೇಕಾ?

ಮೂಲೆಗಟ್ಟಿ:
ನಿಮ್ಮ ತಂದೆಯವರು ಹೇಳಿದ್ದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಬೇಲಿಯ ದಾರಿ ಗುರುತಿಸುವ ಕೆಲಸ ಅವರದ್ದೇ ಆಗಲಿ. ಕುರ್ಚಿ ಹಾಕಿ ಕೂರಿಸಿ, ದಾರ ಅವರು ಹೇಳಿದ ಕಡೆ ಕಟ್ಟಿ.

ತಗ್ಗಿನಲ್ಲಿ ಎರಡು ತೊಂದರೆ. ಎರಡು ಎತ್ತರಗಳ ನಡುವೆ ಬಿಗಿದ ತಂತಿ ನೇರವಾಗಲು ನೋಡುತ್ತದೆ. ಹಾಗಾಗಿ ತಗ್ಗಿನ ಕಂಬವನ್ನು ಮೇಲಕ್ಕೆ ಕೀಳುತ್ತಲೇ ಇರುತ್ತದೆ. ಆ ಕಂಬವನ್ನು ಉಳಿದವಕ್ಕಿಂತ ಆಳಕ್ಕೆ ಇಳಿಸಿ, ಬುಡಕ್ಕೆ ಅಡ್ಡಪಟ್ಟಿ ಹೊಡೆದು ಮೇಲೆ ಮಣ್ಣು ದಮ್ಮಸು ಮಾಡಿ. ಎರಡನೆಯದು ಹರಿಯುವ ನೀರು. ಜಾಲರಿಯನ್ನು ನೆಲದವರೆಗೆ ಬಿಟ್ಟರೆ ಕಸಕಡ್ಡಿ ತುಂಬಿ ಅದೇ ಒಡ್ಡಾಗುತ್ತದೆ. ನೀರು ಬೇಲಿಯನ್ನೇ ಕೆಡವುತ್ತದೆ. ಅಲ್ಲಿ ಮುಖ್ಯ ಬೇಲಿಯನ್ನು ಮೇಲಿನಿಂದ ದಾಟಿಸಿ. ಕೆಳಗಿನ ಸಂದಿಗೆ ಪ್ರತ್ಯೇಕವಾಗಿ ಒಂದು ತೂಗುಪಟ್ಟಿ ಕಟ್ಟಿ. ನೀರು ಬಂದಾಗ ಅದು ಎದ್ದು ದಾರಿ ಬಿಡುತ್ತದೆ, ನೀರು ಇಳಿದ ಮೇಲೆ ಮತ್ತೆ ಇಳಿಯುತ್ತದೆ. ಕೊಚ್ಚಿ ಹೋದರೂ ಅದೊಂದೇ ಹೋಗುತ್ತದೆ.

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಕಂಬದ ಸುತ್ತ ಸಂದಿ ಬಿಡುತ್ತದೆ. ಅಲ್ಲಿ ಅರ್ಧ ಅಡಿಯಾದರೂ ಹೆಚ್ಚು ಆಳ ತೋಡಿ. ಮೊದಲ ವರ್ಷ ಮಣ್ಣು ಒಣಗಿದ ಮೇಲೆ ಒಂದು ಸಲ, ಮಳೆ ಬಿದ್ದ ಮೇಲೆ ಒಂದು ಸಲ ಮತ್ತೆ ದಮ್ಮಸು ಮಾಡಿ. ಮರದ ಕಂಬಕ್ಕೆ ಕಾಂಕ್ರೀಟ್ ನನಗೆ ಇಷ್ಟವಿಲ್ಲ. ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿನ ನಡುವೆ ಸಂದಿ ಬಿದ್ದು ನೀರು ನಿಲ್ಲುತ್ತದೆ. ಕಂಬ ಕೊಳೆಯುವುದೇ ನೆಲಮಟ್ಟದಲ್ಲಿ, ಯಾಕೆಂದರೆ ತೇವ ಮತ್ತು ಗಾಳಿ ಎರಡೂ ಸಿಗುವ ಜಾಗ ಅದು. ಆರು ಇಂಚು ಮಣ್ಣು ಹಾಕಿ, ಹಾರೆಯ ಹಿಂಬದಿಯಿಂದ ಚೆನ್ನಾಗಿ ಕುಟ್ಟಿ. ಮತ್ತೆ ಆರು ಇಂಚು, ಮತ್ತೆ ಕುಟ್ಟಿ. ಗುಂಡಿ ಪೂರ್ತಿ ತುಂಬಿಸಿ ಮೇಲೆ ಮಾತ್ರ ಕುಟ್ಟಿದರೆ ಅಡಿಯಲ್ಲಿ ಟೊಳ್ಳು ಉಳಿಯುತ್ತದೆ. ಕೊನೆಗೆ ಬುಡದ ಸುತ್ತ ಮಣ್ಣು ಏರಿಸಿ, ನೀರು ಹೊರಕ್ಕೆ ಜಾರಲಿ.

ಅಮ್ಮನಕೊಟ್ಟಿಗೆ:
ಮಕ್ಕಳ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ಮೂರು ಮಕ್ಕಳನ್ನು ಜೊತೆಗಿಟ್ಟುಕೊಂಡು ಬೇಲಿ ಹಾಕಿದವಳು ನಾನು. ನನಗೆ ಇದು ಕಂಬದಷ್ಟೇ ಮುಖ್ಯ.

ಮಕ್ಕಳಿಗೆ "ಅದು ತಾ, ಇದು ತಾ" ಅನ್ನುವ ಕೆಲಸ ಕೊಟ್ಟರೆ ಅರ್ಧ ಗಂಟೆಗೆ ಬೇಸರ. ಅವರದ್ದೇ ಅನ್ನುವ ಒಂದು ಜವಾಬ್ದಾರಿ ಕೊಡಿ. ನಿಮ್ಮ ಹನ್ನೆರಡು ವರ್ಷದವಳಿಗೆ ಅಳತೆ ಪೂರ್ತಿ ಬಿಟ್ಟುಕೊಡಬಹುದು. ಮೂಲೆಯನ್ನು ಲಂಬಕೋನಕ್ಕೆ ಹಿಡಿಯಲು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿಗೆ ಗುರುತು ಮಾಡಲಿ. ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬಂದರೆ ಮೂಲೆ ಸರಿ. ಆರು, ಎಂಟು, ಹತ್ತು ಇಟ್ಟರೆ ಇನ್ನೂ ನಿಖರ. ಪುಸ್ತಕದ ಲೆಕ್ಕ ನೆಲದ ಮೇಲೆ ಬಂದಾಗ ಅವರ ಮುಖ ನೋಡಬೇಕು.

ಎಂಟು ವರ್ಷದವನಿಗೆ ಗುರುತಿನ ಕೋಲು ಮಾಡಿಕೊಡಿ. ತಂತಿ ಎಷ್ಟೆಷ್ಟು ಎತ್ತರಕ್ಕೆ ಬರಬೇಕೋ ಆ ಗೆರೆಗಳನ್ನು ಕೋಲಿನ ಮೇಲೆ ಹಾಕಿ. ಪ್ರತಿ ಕಂಬಕ್ಕೂ ಕೋಲು ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗುವುದು ಅವನ ಕೆಲಸ. ಅವನು ಗುರುತು ಹಾಕದೆ ದೊಡ್ಡವರು ಮೊಳೆ ಹೊಡೆಯುವ ಹಾಗಿಲ್ಲ ಅಂತ ನಿಯಮ ಮಾಡಿ. ಅವನೂ ನಿಯಮ ಪಾಲಿಸುತ್ತಾನೆ, ದೊಡ್ಡವರೂ ಪಾಲಿಸಬೇಕು.

ಇನ್ನೊಂದು ಕೆಲಸ ಇದೆ, ದಯವಿಟ್ಟು ಇದನ್ನು ಚಿಲ್ಲರೆ ಅಂದುಕೊಳ್ಳಬೇಡಿ. ಕತ್ತರಿಸಿದ ತಂತಿ ತುಂಡು, ಬಾಗಿದ ಮೊಳೆ, ಒಂದೂ ಬಿಡದೆ ಆರಿಸಿ ಡಬ್ಬಕ್ಕೆ ಹಾಕುವುದು. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ, ಬಾಚಿ ನುಂಗುತ್ತದೆ. ತಂತಿ ತುಂಡು ಹುಲ್ಲಿನ ಜೊತೆ ಹೋಗಿ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ಒಂದು ತೆಳು ಪರದೆ ಅಷ್ಟೇ. ಹೊಟ್ಟೆ ಕುಗ್ಗಿದಾಗಲೆಲ್ಲ ತಂತಿ ಚುಚ್ಚಿಕೊಂಡು ಮುಂದೆ ಸರಿಯುತ್ತದೆ, ಹೃದಯದವರೆಗೂ ಹೋಗಬಹುದು. ಹಸು ಮೇವು ಬಿಡುತ್ತದೆ, ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಎಷ್ಟೋ ಸಲ ಉಳಿಯುವುದಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ದಾರಕ್ಕೆ ಅಯಸ್ಕಾಂತ ಕಟ್ಟಿ ಬೇಲಿಯುದ್ದಕ್ಕೂ ಎಳೆಯಲಿ. ಏನು ಸಿಕ್ಕಿತು ಅಂತ ನೋಡುವುದೇ ಅವರಿಗೆ ಖುಷಿ.

ಕೊಡಬಾರದ ಕೆಲಸ: ತಂತಿ ಎಳೆಯುವಾಗ ಮಕ್ಕಳು ಹತ್ತಿರವೇ ಇರಬಾರದು. ಬಿಗಿದ ತಂತಿ ಹರಿದರೆ ಹಾವಿನ ವೇಗದಲ್ಲಿ ಸುತ್ತಿಕೊಂಡು ವಾಪಸ್ ಬರುತ್ತದೆ. ಕಣ್ಣು, ಕುತ್ತಿಗೆ ಏನು ಸಿಕ್ಕರೂ ಸೀಳುತ್ತದೆ. ಎಳೆಯುವವರೂ ತಂತಿಯ ಸಾಲಿನಲ್ಲಿ ನಿಲ್ಲಬಾರದು, ಕಂಬದ ಆಚೆ ಬದಿಗೆ ನಿಲ್ಲಬೇಕು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗವಸು. ಸುರುಳಿ ಕತ್ತರಿಸುವಾಗ ಎರಡೂ ತುದಿ ಹಿಡಿದಿರಬೇಕು.

ಕಂಬಸಾಲು:
ಒಂದು ಬೇರೆ ಸಲಹೆ. ಸುತ್ತ ಜಾಲರಿ ಹಾಕಿ, ಒಳಗೆ ಸೋಲಾರ್ ಝಟ್ಕಾ ತಂತಿಯಿಂದ ಮೂರು ನಾಲ್ಕು ಭಾಗ ಮಾಡಿ. ಒಂದು ಭಾಗ ಮೇಯುವಾಗ ಉಳಿದವು ಚಿಗುರುತ್ತವೆ. ಒಳಗಿನ ಬೇಲಿಗೆ ಹಗುರ ಗೂಟ ಸಾಕು, ಮಕ್ಕಳೇ ಕಿತ್ತು ನೆಡಬಹುದು.

ಅಮ್ಮನಕೊಟ್ಟಿಗೆ:
ಮಕ್ಕಳಿರುವ ಮನೆಗೆ ಕರೆಂಟ್ ಬೇಲಿ ಬೇಕಾ? ನನಗೆ ಧೈರ್ಯವಿಲ್ಲ.

ಕಂಬಸಾಲು:
ನಿಮ್ಮ ಭಯ ನ್ಯಾಯವಾದದ್ದು. ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮ. ಅದನ್ನು ಯಾರೂ ಯಾವತ್ತೂ ಮಾಡಬಾರದು. ಬೇಲಿಯ ಎನರ್ಜೈಸರ್ ಬೇರೆಯೇ ಯಂತ್ರ. ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಒಂದು ಮಿಡಿತ ಬಿಡುತ್ತದೆ. ವೋಲ್ಟೇಜ್ ಸಾವಿರಗಳಲ್ಲಿ ಇರುತ್ತದೆ, ಶಕ್ತಿ ಮಾತ್ರ ಚಿಕ್ಕದು. ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದು ಮಿಡಿತಕ್ಕೆ 5 ಜೂಲ್ ಮಿತಿ ಇದೆ. ಆ ಮಾನದಂಡದ ಯಂತ್ರವನ್ನೇ ಕೊಳ್ಳಿ, ಮನೆಯಲ್ಲಿ ಮಾಡಿದ್ದು ಬೇಡ. ಮುಳ್ಳುತಂತಿಗೆ ಝಟ್ಕಾ ಕೊಡಲೇಬಾರದು. ಸಿಕ್ಕಿಬಿದ್ದವರು ಬಿಡಿಸಿಕೊಳ್ಳಲಾಗದೆ ಮತ್ತೆ ಮತ್ತೆ ಹೊಡೆತ ತಿನ್ನುತ್ತಾರೆ. ಕಾಣುವಂತೆ ಹಳದಿ ಫಲಕ ಹಾಕಿ. ತೀರಾ ಚಿಕ್ಕ ಮಕ್ಕಳಿದ್ದರೆ ಅವರು ದೊಡ್ಡವರಾಗುವವರೆಗೆ ಕಾಯುವುದೂ ತಪ್ಪಲ್ಲ.

ಝಟ್ಕಾ ಕೆಲಸ ಮಾಡುತ್ತಿಲ್ಲ ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಅರ್ಥಿಂಗ್. ಆರು ಅಡಿಯ ಮೂರು ಸರಳು, ಒಂದಕ್ಕೊಂದು ಹತ್ತು ಅಡಿ ದೂರ, ತೇವ ಇರುವ ಜಾಗದಲ್ಲಿ ನೆಲಕ್ಕೆ ಹೊಡೆಯಿರಿ. ನೆಲ ಒಣಗಿದ್ದರೆ ಮಿಡಿತ ಯಂತ್ರಕ್ಕೆ ವಾಪಸ್ ಬರುವುದಿಲ್ಲ, ಹಸುವಿಗೆ ಏನೂ ಅನ್ನಿಸುವುದಿಲ್ಲ. ಹುಲ್ಲು ಬೆಳೆದು ತಂತಿಗೆ ತಾಗಿದರೂ ಶಕ್ತಿ ಸೋರುತ್ತದೆ.

ಮೇಕೆಹಟ್ಟಿ:
ಗೇಟ್ ಎಲ್ಲಿ ಅಂತ ಈಗಲೇ ಯೋಚಿಸಿ. ಓಡಿಸಿದಾಗ ಪ್ರಾಣಿಗಳು ಬೇಲಿ ಹಿಡಿದು ಮೂಲೆಗೆ ಹೋಗುತ್ತವೆ. ಗೇಟ್ ಕೊಟ್ಟಿಗೆ ಕಡೆಯ ಮೂಲೆಯ ಹತ್ತಿರ ಇದ್ದರೆ ಒಬ್ಬರೇ ಹೊಡೆದುಕೊಂಡು ಬರಬಹುದು. ಸಾಲಿನ ನಡುವೆ ಇಟ್ಟರೆ ಇಬ್ಬರು ಬೇಕು. ಗೇಟಿನ ಮೇಲಿನ ತಿರುಗಣಿಯ ಮೊಳೆ ಕೆಳಮುಖವಾಗಿ, ಕೆಳಗಿನದ್ದು ಮೇಲ್ಮುಖವಾಗಿ ಇರಲಿ. ಹಾಗಿದ್ದರೆ ಹಸು ಕತ್ತು ಹಾಕಿ ಎತ್ತಿದರೂ ಗೇಟ್ ಕಳಚುವುದಿಲ್ಲ. ಮನುಷ್ಯರು ಮಾತ್ರ ಓಡಾಡುವ ಕಡೆ ಉಣುಗೋಲು (ಅಡ್ಡ ಕೋಲುಗಳ ದಾರಿ) ಬೇಡ, ಮೇಕೆ ನುಸುಳುತ್ತದೆ.

ಹೊಸಗಾವಲು:
ಮೂಲೆಗಳು ಮುಗಿದವು! ನಾಲ್ಕು ಮೂಲೆಯೂ ಅಡ್ಡ ತೊಲೆ ಇಟ್ಟೇ ಕಟ್ಟಿದ್ದು. ಬೇಲಿಯ ದಾರಿ ಅಪ್ಪನದ್ದು. ತಗ್ಗನ್ನು ಬಿಟ್ಟು ಎರಡು ಮಾರು ಮೇಲಕ್ಕೆ ದಾರ ಕಟ್ಟಿಸಿದರು, ಸ್ವಲ್ಪ ಹುಲ್ಲು ಆಚೆ ಉಳಿಯಿತು, ತೂಗುಪಟ್ಟಿಯ ಗೊಡವೆಯೇ ತಪ್ಪಿತು. ಅಳತೆ ಮಗಳದ್ದು. ಹೆಂಡತಿ ಓರೆ ತಂತಿ ಹೊಸೆಯುವುದರಲ್ಲಿ ನನಗಿಂತ ಚುರುಕು, ಈಗ ಆ ಕೆಲಸ ಅವಳದ್ದೇ. ಗುರುತಿನ ಕೋಲನ್ನು ಮಗ ಯಾರಿಗೂ ಕೊಡುತ್ತಿಲ್ಲ. ಝಟ್ಕಾ ಸದ್ಯಕ್ಕೆ ಬೇಡ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ನಡುವಿನ ಸಾಲಿನಲ್ಲಿ ಗ್ಲಿರಿಸಿಡಿಯಾ ನೆಡುತ್ತೇವೆ.

ಮುಂದಿನ ವಾರ ಜಾಲರಿ ಎಳೆಯುತ್ತೇವೆ. ಎಷ್ಟು ಬಿಗಿ ಸಾಕು ಅಂತ ಹೇಗೆ ಗೊತ್ತಾಗುತ್ತದೆ? ಮೊಳೆ ಪೂರ್ತಿ ಹೊಡೆಯಬೇಕಾ?

ಮೂಲೆಗಟ್ಟಿ:
ಓದಿ ತುಂಬಾ ಸಂತೋಷವಾಯಿತು. ಜಾಲರಿಯ ಅಡ್ಡ ತಂತಿಗಳಲ್ಲಿ ಸಣ್ಣ ಸಣ್ಣ ಬಳುಕು ಇರುತ್ತದೆ, ನೋಡಿ. ಬಿಗಿದಾಗ ಆ ಬಳುಕು ಅರ್ಧದಷ್ಟು ನೇರವಾದರೆ ಸಾಕು. ಪೂರ್ತಿ ನೇರ ಮಾಡಬೇಡಿ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಲು ಅದೇ ಸ್ಪ್ರಿಂಗ್. ಜಾಲರಿಯ ಪೂರ್ತಿ ಎತ್ತರಕ್ಕೂ ಎರಡು ಮರದ ಪಟ್ಟಿ ಅಮುಕಿ ಬೋಲ್ಟ್ ಹಾಕಿ, ಪಟ್ಟಿಯನ್ನು ಹಿಡಿದು ಎಳೆಯಿರಿ. ಒಂದೇ ಜಾಗದಲ್ಲಿ ಕೊಕ್ಕೆ ಹಾಕಿ ಎಳೆದರೆ ಜಾಲರಿ ಸೊಟ್ಟಗಾಗುತ್ತದೆ.

ನಡುವಿನ ಕಂಬಗಳಲ್ಲಿ ಯು ಮೊಳೆಯನ್ನು ಪೂರ್ತಿ ಬಡಿಯಬೇಡಿ. ತಂತಿ ಹಿಂದೆ ಮುಂದೆ ಜಾರುವಷ್ಟು ಜಾಗ ಇರಲಿ. ಪೂರ್ತಿ ಬಡಿದರೆ ಸತುವಿನ ಲೇಪ ಜಜ್ಜಿ ಅಲ್ಲೇ ತುಕ್ಕು ಶುರುವಾಗುತ್ತದೆ. ಮೊಳೆಯ ಎರಡು ಕಾಲೂ ಮರದ ಒಂದೇ ಎಳೆಯ ಗುಂಟ ಹೋದರೆ ಮರ ಸೀಳುತ್ತದೆ, ಸ್ವಲ್ಪ ತಿರುಗಿಸಿ ಹೊಡೆಯಿರಿ. ಮೂಲೆ ಕಂಬಕ್ಕೆ ಮಾತ್ರ ಜಾಲರಿಯನ್ನು ಸುತ್ತಿ, ಒಂದೊಂದು ತಂತಿಯನ್ನೂ ಅದಕ್ಕೇ ವಾಪಸ್ ಸುತ್ತಿ ಕಟ್ಟಬೇಕು.

ಮೇಕೆಹಟ್ಟಿ:
ಬೇಲಿ ಮುಗಿದ ದಿನ ಪ್ರಾಣಿಗಳನ್ನು ಸಂಜೆ ಬಿಡಬೇಡಿ. ಬೆಳಗ್ಗೆ, ಹೊಟ್ಟೆ ತುಂಬಿಸಿ ಬಿಡಿ. ಹೊಸ ಜಾಲರಿ ಅವಕ್ಕೆ ತಕ್ಷಣ ಕಾಣುವುದಿಲ್ಲ, ಕರು ಓಡಿ ಬಂದು ಗುದ್ದಿಕೊಳ್ಳುತ್ತದೆ. ಕಂಬಗಳ ನಡುವೆ ಬಿಳಿ ಬಟ್ಟೆಯ ಚೂರು ಕಟ್ಟಿ, ಆದರೆ ಮೇಕೆಯ ಬಾಯಿಗೆ ಸಿಗದ ಎತ್ತರದಲ್ಲಿ. ದೊಡ್ಡ ಹಸುವನ್ನು ಹಗ್ಗ ಹಿಡಿದು ಒಂದು ಸುತ್ತು ಬೇಲಿಯುದ್ದಕ್ಕೂ ನಡೆಸಿ. ಕರು ಅದರ ಹಿಂದೆಯೇ ಬರುತ್ತದೆ.

ಹೊಸಗಾವಲು:
ಬಟ್ಟೆ ಚೂರು ಕಟ್ಟುವ ಕೆಲಸಕ್ಕೆ ಮಕ್ಕಳಿಬ್ಬರೂ ಈಗಲೇ ಸಿದ್ಧ. ಹಸುವನ್ನು ಯಾರು ನಡೆಸುವುದು ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ಜಾಲರಿ ಎಳೆದ ಮೇಲೆ ತಗ್ಗಿನ ಬದಿ ಹೇಗೆ ನಿಂತಿದೆ ಅಂತ ಬರೆಯುತ್ತೇನೆ.